ಕಲ್ಲಿನ ಅಕ್ಷರ, ಮಗ್ಗದ ನೂಲು
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಆಸ್ಪರಿಯಿಂದ ನಾವು ಕೈಗೊಂಡ ಎರಡು ದಿನಗಳ ಪ್ರವಾಸದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಅಪ್ಪಣೆಯಾಗಿದೆ. ಹಂಪೆ, ಬಾದಾಮಿಗಳನ್ನು ಕಂಡುಬಂದ ನಾವು ನಮ್ಮ ಹಿತ್ತಲಿನ ನಿಧಿಯನ್ನು ಕಾಣದೆ ಉಳಿದಿದ್ದೆವಲ್ಲಾ ಎಂಬ ನಾಚಿಕೆಯೇ ಈ ಪ್ರವಾಸಕ್ಕೆ ಕಾರಣವಾಯಿತು.

ಮೊದಲ ದಿನ ಗುತ್ತಿ–ಪತ್ತಿಕೊಂಡ ಹಾದಿಯ ಎರ್ರಗುಡಿಗೆ ಹೋದೆವು. ಅಲ್ಲಿಯ ಗುಡ್ಡದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ 14 ಪ್ರಧಾನ ಶಾಸನಗಳೂ ಕಿರುಶಾಸನಗಳೂ ಇವೆ. ವಿದ್ವಾಂಸರಿಗೆ ಇವು ಗೋಚರವಾದುದು 1929ರ ಸುಮಾರಿಗೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಉಳುವ ಎತ್ತು ಹೊಲದ ಕೊನೆಯಲ್ಲಿ ತಿರುಗಿ ಬರುವಂತೆ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಆನೆ ಏರುವವರು, ಕರಣಿಕರು ಮೊದಲಾದವರು ತಂತಮ್ಮ ಶಿಷ್ಯರಿಗೆ ಪೂರ್ವಪದ್ಧತಿಯಂತೆ ಕಲಿಸಬೇಕೆಂಬ ಆಜ್ಞೆಯೊಂದು ಅದರಲ್ಲಿದೆ. ಈ ಮಾತು ಪ್ರವಾಸದುದ್ದಕ್ಕೂ ನಮ್ಮ ಬೆನ್ನು ಬಿಡಲಿಲ್ಲ.

ಮರುದಿನ ಆದವಾನಿಯ ಕೋಟೆಯನ್ನು ನೋಡಿಕೊಂಡು ಪೆದ್ದತುಂಬಳಕ್ಕೆ ಬಂದೆವು. ಚಾಲುಕ್ಯರ ಕಾಲದ ಗುಡಿಗಳು, ಕನ್ನಡ ಶಾಸನಗಳು ಅಲ್ಲಿವೆ. ಒಂದು ಕಲ್ಲಿನ ಮುಂದೆ ನಾವು ತಡವರಿಸುತ್ತ ಓದುತ್ತಿರಲು, ಊರಿನ ಹುಡುಗನೊಬ್ಬನು ಬಂದು ನಿಂತನು. ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತುದು ತೆಲುಗು. ಅವನು ಬೆರಳಿಟ್ಟು "ಸ್ವಸ್ತಿ" ಎಂದು ಓದಿಯೇಬಿಟ್ಟನು! ಆ ಕಾಲದಲ್ಲಿ ಎರಡು ನುಡಿಗಳಿಗೂ ಲಿಪಿ ಹೆಚ್ಚುಕಡಮೆ ಒಂದೇ ಆಗಿದ್ದಿತು. ಆದರೆ ಮುಂದಿನ ಸಾಲಿನ ಅರ್ಥವನ್ನು ಕೇಳಿದಾಗ ತಲೆ ತಗ್ಗಿಸಿದನು. ಅವನಿಗೆ ಹೇಳಿಕೊಡುವಷ್ಟು ನಮಗಾದರೂ ತಿಳಿದಿದ್ದಿತೇ? ನಾವೂ ತಲೆ ತಗ್ಗಿಸಿದೆವು.

ಸಂಜೆ ಎಮ್ಮಿಗನೂರು. ಮಾಚಾನಿ ಸೋಮಪ್ಪನವರ ಮುಂದಾಳುತನದಲ್ಲಿ 1938ರಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದ ಊರು ಇದು. ಅಲ್ಲಿ ಒಂದು ಮನೆಯೊಳಗೆ ಮುದುಕರೊಬ್ಬರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದರು. ಮನೆಯಾಕೆ ಕಂಡಿಕೆ ಸುತ್ತುತ್ತಿದ್ದರು. ನಮ್ಮಲ್ಲೊಬ್ಬರು, "ಅಜ್ಜಾ, ಈ ಕೆಲಸವನ್ನೆಲ್ಲ ಬರೆದಿಡಬಾರದೇ?" ಎಂದರು. "ಬರಕೊಳ್ರಿ ಸ್ವಾಮಿ, ಬ್ಯಾಡ ಅನ್ನೋದಿಲ್ಲ. ಆದರೆ ಎಳೆ ಕಡಿದಾಗ ಗಂಟು ಹಾಕೋದು ಬೆರಳಿಗೆ ಬರಬೇಕು. ನನ್ನ ಮಗ ಕೂಡಲಿಲ್ಲ, ಮೊಮ್ಮಗ ಬೆಂಗಳೂರಿನಾಗ ಅದಾನ" ಎಂದು ಮತ್ತೆ ಲಾಳಿ ಹಿಡಿದರು.

ಮಹನೀಯರೇ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಗಡಿಯ ಕುರಿತು ನಾವು ಬಹಳ ಮಾತನಾಡಿದ್ದೇವೆ. ತೆಲುಗು ನಮ್ಮ ನೆರೆಮನೆಯ ನುಡಿ. ಅದರೊಡನೆ ನಮಗೆ ಜಗಳವಿಲ್ಲ. ನಮ್ಮ ಮಕ್ಕಳಿಗೆ ಕನ್ನಡವನ್ನು ಓದಲು ಕಲಿಸದಿದ್ದರೆ ಆ ತಪ್ಪು ಮಾತ್ರ ನಮ್ಮದೇ. ಕಲ್ಲು ಓದುವವರಿಗಾಗಿ ನೂರಾರು ವರ್ಷ ಕಾಯಬಲ್ಲದು. ಮಗ್ಗವಾಗಲಿ ಮನೆಮಾತಾಗಲಿ ಒಂದು ತಲೆಮಾರಿಗಿಂತ ಹೆಚ್ಚು ಕಾಯಲಾರದು.

ಆದುದರಿಂದ ಸಂಘಕ್ಕೆ ನಮ್ಮದೊಂದು ವಿಜ್ಞಾಪನೆ: ಮುಂದಿನ ಪ್ರವಾಸಕ್ಕೆ ಹೊರಡುವ ಪ್ರತಿಯೊಬ್ಬ ಹಿರಿಯರೂ ಒಂದೊಂದು ಮಗುವನ್ನು ಜೊತೆಯಲ್ಲಿ ಕರೆತರಲಿ. ಹೊರಡುವ ಮುನ್ನ ಪೆದ್ದತುಂಬಳದ ಒಂದು ಶಾಸನವನ್ನಾದರೂ ಅರ್ಥಸಹಿತ ಓದಲು ನಾವೆಲ್ಲರೂ ಕಲಿತಿರೋಣ. ಆ ಹುಡುಗನಿಗೆ ನಾವು ಉತ್ತರವನ್ನು ಬಾಕಿ ಉಳಿಸಿಕೊಂಡು ಬಂದಿದ್ದೇವೆ.