ಗ್ಯಾಸ್ಕೆಟ್ಟಿಗೆ ಪೇಸ್ಟ್ ಎಷ್ಟು ಹಚ್ಚಬೇಕು?

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)

 

ವಿದ್ಯೆಯ ಮಹತ್ವದ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದರು. ಆ ಭಾಷಣವನ್ನು ನೀವು ಪ್ರತಿ ವರ್ಷ ಕೇಳಿದ್ದೀರಿ. ಅದಕ್ಕೇ ನಾನು ಇವತ್ತು ಗ್ಯಾಸ್ಕೆಟ್ ಬಗ್ಗೆ ಮಾತಾಡುತ್ತೇನೆ. ನಗಬೇಡಿ, ಈ ಸಭೆಯಲ್ಲಿ ಗ್ಯಾರೇಜಿನ ದುಡಿಮೆಯಿಂದ ಒಲೆ ಉರಿಯುವ ಮನೆಗಳು ಎಷ್ಟಿವೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು.

ಗ್ಯಾಸ್ಕೆಟ್ ಎಂದರೇನು ಎಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಕುಕ್ಕರ್ ಮುಚ್ಚಳದ ರಬ್ಬರ್ ಸಡಿಲವಾದರೆ ಸೀಟಿ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಎಂಜಿನ್ನಿನಲ್ಲೂ ಅದೇ ಕೆಲಸ, ಆದರೆ ಒತ್ತಡ ಬೇರೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಉರಿ ಹತ್ತಿದ ಕ್ಷಣದಲ್ಲಿ ಒತ್ತಡ ನಮ್ಮ ಸುತ್ತಲಿನ ಗಾಳಿಗಿಂತ ನೂರು ಪಟ್ಟಿಗೂ ಮೇಲೆ ಹೋಗುತ್ತದೆ. ಆ ಬೆಂಕಿಯ ಪಕ್ಕದಲ್ಲೇ ಒಂದು ತೂತಿನಲ್ಲಿ ನೀರು, ಇನ್ನೊಂದರಲ್ಲಿ ಆಯಿಲ್ ಹರಿಯುತ್ತಿರುತ್ತವೆ. ಮೂರೂ ಒಂದಕ್ಕೊಂದು ಸೇರದಂತೆ ತಡೆಯುವುದು ಹೆಡ್ ಗ್ಯಾಸ್ಕೆಟ್ ಎಂಬ ತೆಳ್ಳನೆಯ ಹಾಳೆ.

ಈಗ ಪ್ರಶ್ನೆ. ಎಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಆ ಹಾಳೆಗೆ ಟ್ಯೂಬಿನ ಸಿಲಿಕಾನ್ ಪೇಸ್ಟ್ ಹಚ್ಚಬೇಕೇ? ನಮ್ಮ ಅನೇಕ ಗ್ಯಾರೇಜುಗಳಲ್ಲಿ ಉತ್ತರ ಒಂದೇ: "ಎರಡೂ ಕಡೆ ಹಚ್ಚಿಬಿಡು, ಲೀಕ್ ಆಗಲ್ಲ."

ಉಸ್ತಾದರು ದಡ್ಡರಾಗಿ ಹೀಗೆ ಹೇಳುವುದಲ್ಲ. ಅವರು ಕೆಲಸ ಕಲಿತದ್ದು ಅಂಬಾಸಿಡರ್, ಫಿಯೆಟ್, ಮೆಟಡಾರ್, ಜೀಪುಗಳ ಮೇಲೆ. ಆ ಎಂಜಿನ್ನುಗಳಲ್ಲಿ ಎಷ್ಟೋ ಕಡೆ ಕಾಗದದ, ಕಾರ್ಕಿನ ಗ್ಯಾಸ್ಕೆಟ್ ಇರುತ್ತಿತ್ತು, ಲೋಹದ ಮೈಯೂ ಅಷ್ಟು ನಯವಾಗಿರುತ್ತಿರಲಿಲ್ಲ. ಅದಕ್ಕೆ ಶೆಲಾಕ್ ಬಳಿಯುವುದು ಸರಿಯಾದ ವಿದ್ಯೆಯೇ ಆಗಿತ್ತು. ಶೆಲಾಕ್ ಎಂದರೆ ಬೇರೇನಲ್ಲ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಚನ್ನಪಟ್ಟಣದವರು ತಿರುಗುವ ಆಲೆ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೆ ಕರಗಿಸಿ, ತಾಳೆಗರಿಯಿಂದ ಹೊಳಪು ಕೊಡುತ್ತಾರಲ್ಲ, ಅದೇ ಅರಗು. ಗೊಂಬೆ ಮಾಡುವವರ ಮನೆಯ ಮಗ ಮೆಕ್ಯಾನಿಕ್ ಆದರೂ ಅರಗು ಅವನನ್ನು ಬಿಡಲಿಲ್ಲ!

ಆದರೆ ಎಂಜಿನ್ ಬದಲಾಗಿದೆ. ಇವತ್ತಿನ ಬಹುತೇಕ ಕಾರುಗಳ ಹೆಡ್ ಗ್ಯಾಸ್ಕೆಟ್ ಎಂದರೆ ಉಕ್ಕಿನ ತೆಳು ಪದರಗಳನ್ನು ಜೋಡಿಸಿದ್ದು. ಬೇಕಾದ ಲೇಪವನ್ನು ಕಾರ್ಖಾನೆಯಲ್ಲೇ ಕೊಟ್ಟಿರುತ್ತಾರೆ. ಕೈಪಿಡಿ ಬೇರೆ ಹೇಳದಿದ್ದರೆ ಅದನ್ನು ಒಣದಾಗಿಯೇ ಕೂರಿಸಬೇಕು. ಅದರ ಮೇಲೆ ಪೇಸ್ಟ್ ಹಚ್ಚಿದರೆ ಹಾಳೆ ಸಮವಾಗಿ ಅದುಮುವುದಿಲ್ಲ, ಜಾರುವುದೂ ಉಂಟು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬೋಲ್ಟ್ ಬಿಗಿಮಾಡಿದಾಗ ಹೆಚ್ಚಿನ ಪೇಸ್ಟ್ ಹೊರಗೆ ಉಕ್ಕುತ್ತದೆ, ಹುಡುಗ ಬಟ್ಟೆಯಿಂದ ಒರೆಸುತ್ತಾನೆ. ಅಷ್ಟೇ ಪೇಸ್ಟ್ ಒಳಗಡೆಯೂ ಉಕ್ಕಿರುತ್ತದೆ. ಅದನ್ನು ಒರೆಸುವವರು ಯಾರು? ಅದು ಗಟ್ಟಿಯಾಗಿ, ತುಂಡಾಗಿ ಆಯಿಲಿನಲ್ಲಿ ಸೇರಿ ಕೆಳಗಿನ ಸಂಪಿಗೆ ಇಳಿದು ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಆಯಿಲ್ ಮೇಲೇರುವುದಿಲ್ಲ, ಬೇರಿಂಗ್ ಒಣಗುತ್ತದೆ, ಎಂಜಿನ್ ಹಿಡಿದುಕೊಳ್ಳುತ್ತದೆ. ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಜಾಲರಿ ಬಿಚ್ಚಿ ತೋರಿಸಿದ. ಶಾವಿಗೆಯ ಹಾಗೆ ಸಿಲಿಕಾನ್ ಎಳೆಗಳು ತುಂಬಿದ್ದವು. ಗಾಡಿ ಸಾಲ ತೆಗೆದು ಟ್ಯಾಕ್ಸಿ ಓಡಿಸುವವರದು. ಬೇರೆಲ್ಲೋ ಎಂಜಿನ್ ಮಾಡಿಸಿ ತಿಂಗಳುಗಳಷ್ಟೇ ಆಗಿತ್ತಂತೆ. ಕಂತು ನಿಲ್ಲುವುದಿಲ್ಲವಲ್ಲ. ಗಿರಾಕಿಯ ಗಾಡಿ ನಮ್ಮ ಕೈಯಲ್ಲಿರುವ ಅಮಾನತ್ತು ಎನ್ನುತ್ತೇವೆ. ಅಮಾನತ್ತು ಕಾಯಲು ಒಳ್ಳೆಯ ಮನಸ್ಸಿದ್ದರೆ ಸಾಲದು, ಯಾವ ಜಾಗಕ್ಕೆ ಏನು ಬೇಕೆಂದು ತಿಳಿದಿರಬೇಕು.

ಹಾಗಂತ ಪೇಸ್ಟೇ ಬೇಡವೆಂದಲ್ಲ. ಮೂರು ಭಾಗಗಳು ಕೂಡುವ ಮೂಲೆಗೆ, ಉದಾಹರಣೆಗೆ ಟೈಮಿಂಗ್ ಕವರ್, ಬ್ಲಾಕ್, ಹೆಡ್ ಸೇರುವಲ್ಲಿ, ಒಂದು ಚುಕ್ಕೆ ಬೇಕೇ ಬೇಕು. ನೀರಿನ ಕೋಶದೊಳಕ್ಕೆ ಹೋಗುವ ಬೋಲ್ಟಿನ ಮರೆಗಳಿಗೆ ಬೇಕು. ಕೆಲವು ಕಾರುಗಳ ಸಂಪಿಗೆ ಗ್ಯಾಸ್ಕೆಟ್ಟೇ ಇಲ್ಲ, ಪೇಸ್ಟೇ ಗ್ಯಾಸ್ಕೆಟ್. ಅಲ್ಲಿ ಸಣ್ಣ ಎಳೆ, ಬೋಲ್ಟ್ ತೂತುಗಳ ಒಳಬದಿಯಲ್ಲಿ, ಎಲ್ಲೂ ತುಂಡಾಗದಂತೆ ಎಳೆಯಬೇಕು. ಅದಕ್ಕೂ ಮೊದಲು ಎರಡೂ ಮೈಗಳಲ್ಲಿ ಎಣ್ಣೆಯ ಪಸೆ ಇರಬಾರದು. ಹಚ್ಚಿದ ಮೇಲೆ ಚಹಾಕ್ಕೆ ಹೋಗಬಾರದು, ತೊಗಟೆ ಕಟ್ಟುವುದರೊಳಗೆ ಜೋಡಿಸಬೇಕು. ಜೋಡಿಸಿದ ಮೇಲೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾದು ಆಯಿಲ್ ತುಂಬಬೇಕು. ನಮ್ಮಲ್ಲಿ ಇದರ ತಲೆಕೆಳಗು ನಡೆಯುತ್ತದೆ.

ಪೇಸ್ಟಿನಲ್ಲೂ ಜಾತಿಗಳಿವೆ. ಒಂದು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಇನ್ನೊಂದು ಇದಕ್ಕೆ ವಿರುದ್ಧ, ಎರಡು ಲೋಹಗಳ ನಡುವೆ ಗಾಳಿ ಇಲ್ಲದಾಗಲೇ ಗಟ್ಟಿಯಾಗುತ್ತದೆ. ಇದನ್ನು ಪಾಠದಲ್ಲಿ ಹೇಳಿದ್ದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಸಿಲಿಕಾನ್ ಕಿಟಕಿ ಗಾಜಿಗೆ ಸರಿ. ಅದರಿಂದ ಹೊರಡುವ ಆಮ್ಲ ಲೋಹವನ್ನು ತಿನ್ನುತ್ತದೆ, ಅದನ್ನು ಎಂಜಿನ್ನಿನ ಹತ್ತಿರ ತರಬಾರದು.

ಇನ್ನು ಹೆಡ್ ಗ್ಯಾಸ್ಕೆಟ್ ಹೋಯಿತೆಂದರೆ ಬಹಳ ಸಲ ತಪ್ಪು ಗ್ಯಾಸ್ಕೆಟ್ಟಿನದಲ್ಲ. ಎಂಜಿನ್ ಕಾದು ಹೆಡ್ಡೇ ಬಾಗಿರುತ್ತದೆ. ನೇರ ಪಟ್ಟಿ ಇಟ್ಟು, ಫೀಲರ್ ಗೇಜ್ ತೂರಿಸಿ ಅಳೆಯಬೇಕು. ಅನೇಕ ಸಣ್ಣ ಕಾರುಗಳಲ್ಲಿ ಮಿತಿ 0.05 ಮಿಲಿಮೀಟರ್ ಆಸುಪಾಸು. ಅದಕ್ಕಿಂತ ಹೆಚ್ಚು ಬಾಗಿದ್ದನ್ನು ಯಾವ ಪೇಸ್ಟೂ ನೇರ ಮಾಡದು. ಬೋಲ್ಟುಗಳನ್ನು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಮಾಡಬೇಕು. ಇಷ್ಟು ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ ತಿರುಗಿಸು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ದಶಮಾಂಶ, ಕೋನ, ಬಲ, ಓದು. ಎಂಟನೇ ತರಗತಿಗೇ ಶಾಲೆ ಬಿಡಿಸಿದ ಹುಡುಗನಿಗೆ ಕೈಯಲ್ಲಿ ಎಷ್ಟೇ ಕಸುಬಿದ್ದರೂ ಈ ಪುಟದ ಮುಂದೆ ಅವನು ನಿಂತುಬಿಡುತ್ತಾನೆ. ಆಗ ಉಳಿಯುವುದು ಟ್ಯೂಬ್ ಒಂದೇ.

"ಮೆಕ್ಯಾನಿಕ್ ಆಗೋನಿಗೆ ಓದು ಯಾಕೆ ಮೇಷ್ಟ್ರೇ?" ಎಂದು ನನ್ನನ್ನು ಕೇಳಿದ ತಂದೆಯರಿಗೆ ಇದೇ ನನ್ನ ಉತ್ತರ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷ. ಎರಡು ವರ್ಷ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೂ ಸೇರಬಹುದು. ಬಿಡದಿಯಲ್ಲಿ ಟೊಯೊಟಾದವರು 2007ರಿಂದ ತಾಂತ್ರಿಕ ತರಬೇತಿ ಸಂಸ್ಥೆ ನಡೆಸುತ್ತಿದ್ದಾರೆ, ಹತ್ತನೇ ತರಗತಿ ಮುಗಿಸಿದ ಬಡ ಮನೆಯ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಆ ಕಾರ್ಖಾನೆಯ ಮುಂದೆಯೇ ನಾವೆಲ್ಲ ಬೆಂಗಳೂರಿಗೆ ಹೋಗಿಬರುತ್ತೇವೆ, ಒಳಗೆ ಕೇಳಿದವರು ಎಷ್ಟು ಜನ?

ಟ್ರಸ್ಟಿಗೆ ಬರುವ ಅರ್ಜಿಗಳಲ್ಲಿ ಐಟಿಐ ಮಕ್ಕಳದು ಕಡಿಮೆ. ಹಣ ಇಲ್ಲದ್ದಕ್ಕಲ್ಲ, ನಾಚಿಕೆಗೆ. ಎಂಬಿಬಿಎಸ್, ಎಂಜಿನಿಯರಿಂಗ್ ಹುಡುಗರ ಸಾಲಿನಲ್ಲಿ ನಮ್ಮವನನ್ನು ಹೇಗೆ ನಿಲ್ಲಿಸುವುದು ಎಂದು ತಾಯಿ ಹಿಂಜರಿಯುತ್ತಾಳೆ. ದಾನಿಗಳಲ್ಲಿ ನನ್ನ ಕೋರಿಕೆ ಇಷ್ಟು. ನೀವು ಕೊಡುವುದರಲ್ಲಿ ಒಂದು ಪಾಲನ್ನು ಐಟಿಐಗೆಂದೇ ಬೇರೆ ಎತ್ತಿಡಿ. ಅವರಿಗೆ ಬೇಕಾಗುವುದು ಬಸ್ ಪಾಸ್, ಸುರಕ್ಷತಾ ಬೂಟು, ಸಮವಸ್ತ್ರ, ಒಂದು ಒಳ್ಳೆಯ ಟಾರ್ಕ್ ರೆಂಚ್. ಅದಕ್ಕೆ ಜಕಾತ್ ಹಣ ಹೇಗೆ ಬಳಸಬೇಕು, ಸದಖಾ ಹೇಗೆ ಎಂಬುದನ್ನು ಉಲಮಾಗಳು ಹೇಳಲಿ, ಅದು ನನ್ನ ವಿಷಯವಲ್ಲ.

ಈಗಾಗಲೇ ಗ್ಯಾರೇಜಿನಲ್ಲಿರುವ ಹುಡುಗರು ಹೊರಗಿನ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಬಹುದು. ಗಣಿತ, ವಿಜ್ಞಾನಕ್ಕೆ ಭಾನುವಾರ ನಾನೇ ಕೂರುತ್ತೇನೆ. ಉಸ್ತಾದರೂ ಬರಲಿ. ಬೋಲ್ಟ್ ಕೈಗೆ ಎಷ್ಟು ಬಿಗಿ ಎಂದು ಅವರು ತೋರಿಸಲಿ, ಅದು ಎಷ್ಟು ನ್ಯೂಟನ್ ಮೀಟರ್ ಎಂದು ರೆಂಚ್ ಹಿಡಿದು ನೋಡೋಣ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿಗೆ ಬನ್ನಿ, ಶಾಲೆ ಬಿಟ್ಟಾಗ ಕೊಟ್ಟ ಟಿಸಿ ಇದ್ದರೆ ಮುಂದಿನ ವಾರ ತನ್ನಿ.