ವಕೀಲಿ ಸನದಿಗೆ ಯಾರು ಅರ್ಹರು?
(ಉಮರೇಡಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಕಾಯಿದೆಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಕಾರಣವುಂಟು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದೇ ದಿನ, ಅದೇ ಕಾಯಿದೆಯಿಂದ, ನಾಗಪುರವು ಮಧ್ಯಪ್ರದೇಶವನ್ನು ಬಿಟ್ಟು ಮುಂಬಯಿ ರಾಜ್ಯವನ್ನು ಸೇರಿತು. ಗಡಿ ಸರಿದಾಗ ಕೋರ್ಟು ಕಚೇರಿಗಳೂ ಸರಿದವು. ಹೊಟ್ಟೆಪಾಡಿಗಾಗಿ ಈ ಕಲ್ಲಿದ್ದಲ ಸೀಮೆಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಲಾ ಓದಿದರೆ ಮೊದಲು ಏಳುವ ಪ್ರಶ್ನೆ ಇದೇ: ಸನದು ಎಲ್ಲಿ ಸಿಕ್ಕೀತು? ಹೊರಗಿನವರೆಂದು ತಡೆದಾರೆಯೆ?

ಭಯಪಡಬೇಕಾದುದಿಲ್ಲ. 1961ರ ವಕೀಲರ ಕಾಯಿದೆ ಕೇಳುವುದು ಹುಟ್ಟಿದ ಊರನ್ನಲ್ಲ, ಮನೆಮಾತನ್ನೂ ಅಲ್ಲ. ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ಮನ್ನಣೆ ಪಡೆದ ಲಾ ಪದವಿ ಇರಬೇಕು. ಎಲ್ಲಿ ವಕೀಲಿ ಮಾಡಬೇಕೆಂದಿದ್ದೇವೋ ಅಲ್ಲಿಯ ಬಾರ್ ಕೌನ್ಸಿಲಿಗೆ ಅರ್ಜಿ ಸಲ್ಲಬೇಕು. ಧಾರವಾಡದಲ್ಲಿ ಓದಿದವಳು ನಾಗಪುರದಲ್ಲಿ ವಾದಿಸಬಯಸಿದರೆ ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನಲ್ಲಿ ಹೆಸರು ಬರೆಸಬಹುದು. ಎರಡು ಪಟ್ಟಿಗಳಲ್ಲಿ ಹೆಸರಿರಕೂಡದು. ಮುಂದೆ ಊರಿಗೆ ಮರಳಿದರೆ ಶುಲ್ಕವಿಲ್ಲದೆ ಕರ್ನಾಟಕದ ಪಟ್ಟಿಗೆ ವರ್ಗ ಮಾಡಿಸಿಕೊಳ್ಳಲು ಕಾಯಿದೆಯೇ ಅವಕಾಶ ಕೊಟ್ಟಿದೆ.

ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಈ ಬಾಗಿಲಲ್ಲಿ ಬಹುಕಾಲ ನಿಜವಾಗಿತ್ತು. 1916ರಲ್ಲಿ ರೆಜಿನಾ ಗುಹಾ ಎಂಬ ಪದವೀಧರೆ ವಕೀಲಿಗೆ ಅರ್ಜಿ ಹಾಕಿದಾಗ, ಹೆಂಗಸಿಗೆ ಆ ಹಕ್ಕಿಲ್ಲವೆಂದು ಕಲಕತ್ತಾ ಹೈಕೋರ್ಟು ತೀರ್ಪು ಕೊಟ್ಟಿತು. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಅದೇ ಗತಿ. ಅದೇ ವರ್ಷ ಅಲಹಾಬಾದು ಹೈಕೋರ್ಟು ಮಾತ್ರ, ನಾಸಿಕದಲ್ಲಿ ಹುಟ್ಟಿ ಪುಣೆಯಲ್ಲಿ ಓದಿದ ಕಾರ್ನೀಲಿಯಾ ಸೊರಾಬ್ಜಿಯವರನ್ನು ಸೇರಿಸಿಕೊಂಡಿತು. ಒಂದೇ ದೇಶ, ಒಂದೇ ವಿದ್ಯೆ. ಒಂದು ಕೋರ್ಟಿನ ಬಾಗಿಲು ಮುಚ್ಚಿತ್ತು, ಇನ್ನೊಂದರದು ತೆರೆದಿತ್ತು. 1923ರ ಕಾಯಿದೆ ಬಂದ ಮೇಲೆ ಆ ತಡೆ ತೊಲಗಿತು.

ಸ್ವಾತಂತ್ರ್ಯಾನಂತರವೂ ವ್ಯಾಜ್ಯಗಳು ನಿಲ್ಲಲಿಲ್ಲ. 45 ವರ್ಷ ದಾಟಿದವರಿಗೆ ಸನದಿಲ್ಲವೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ರದ್ದುಗೊಳಿಸಿತು. ಮಾರನೆಯ ವರ್ಷ ಮಹಾರಾಷ್ಟ್ರದ್ದೇ ಒಂದು ಪ್ರಕರಣ ಬಂದಿತು: ವೈದ್ಯವೃತ್ತಿಯನ್ನು ಬಿಡದೆ ವಕೀಲರಾಗಬಯಸಿದ ಡಾಕ್ಟರೊಬ್ಬರಿಗೆ ಇಲ್ಲಿಯ ಬಾರ್ ಕೌನ್ಸಿಲು ಸನದು ನಿರಾಕರಿಸಿತ್ತು. ಅದು ಸರಿಯೆಂದು ತೀರ್ಪಾಯಿತು. ವಕೀಲಿಗೆ ಮನುಷ್ಯನ ಪೂರ್ಣ ಗಮನ ಬೇಕು. ಸನದಿಗೆ ಮೊದಲು ಒಂದು ವರ್ಷದ ತರಬೇತಿ ಕಡ್ಡಾಯವೆಂದ ನಿಯಮ 1999ರಲ್ಲಿ ಬಿದ್ದುಹೋಯಿತು. ಆದರೆ 2023ರಲ್ಲಿ ಐವರು ನ್ಯಾಯಾಧೀಶರ ಪೀಠವು ಆ ತೀರ್ಪನ್ನು ಒಪ್ಪದೆ, ಅಖಿಲ ಭಾರತ ಬಾರ್ ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ಬಾರ್ ಕೌನ್ಸಿಲಿಗೆ ಉಂಟೆಂದಿತು. ಹೀಗೆ ಬಾಗಿಲು ಕೆಲವೊಮ್ಮೆ ಅಗಲವಾಗಿದೆ, ಕೆಲವೊಮ್ಮೆ ಕಿರಿದಾಗಿದೆ.

ಬಡ ಮನೆಯ ಹುಡುಗರಿಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಹಣದ್ದು. ಕಾಯಿದೆ ಗೊತ್ತುಮಾಡಿದ ಶುಲ್ಕ 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 125. ನಾನಾ ಹೆಸರುಗಳಲ್ಲಿ ಕೂಡಿಸುತ್ತ ರಾಜ್ಯ ಕೌನ್ಸಿಲುಗಳು ಅದನ್ನು 15,000ದಿಂದ 42,000ದವರೆಗೂ ಏರಿಸಿದ್ದವು. 2024ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯ ಇದನ್ನು ತಡೆಯಿತು. ಶುಲ್ಕ ಕೇಳುವ ಹೆಸರಿನಲ್ಲಿ ಕಾಯಿದೆ ಹಾಕದ ಅರ್ಹತೆಯನ್ನು ಯಾರೂ ಹಾಕಕೂಡದೆಂಬುದೇ ಅದರ ಸಾರ. ಐಚ್ಛಿಕವೆಂಬ ಹೆಸರಿನಲ್ಲೂ ಹಣ ತೆಗೆದುಕೊಳ್ಳಬಾರದೆಂದು 2025ರ ಆಗಸ್ಟಿನಲ್ಲಿ ಮತ್ತೆ ಹೇಳಬೇಕಾಯಿತು. ಆ ಮಾತು ಬಂದದ್ದು ನಮ್ಮ ಕರ್ನಾಟಕದ ಕೌನ್ಸಿಲಿನ ಮೇಲಿನ ಪ್ರಕರಣದಲ್ಲೇ ಎಂಬುದು ನಮಗೆ ಹೆಮ್ಮೆಯ ಸಂಗತಿಯಲ್ಲ.

ಆದುದರಿಂದ ತಂದೆತಾಯಂದಿರಲ್ಲಿ ನಮ್ಮ ಅರಿಕೆ ಇಷ್ಟು. ಕಾಲೇಜಿಗೆ ಹಣ ಕಟ್ಟುವ ಮೊದಲೇ ಅದಕ್ಕೆ ಭಾರತೀಯ ಬಾರ್ ಕೌನ್ಸಿಲಿನ ಮನ್ನಣೆ ಇದೆಯೇ ಎಂದು ವಿಚಾರಿಸಿ. ಗಣಿಯಲ್ಲೋ ಬ್ಯಾಂಕಿನಲ್ಲೋ ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ನೌಕರಿ ಮತ್ತು ವಕೀಲಿ ಒಟ್ಟಿಗೆ ನಡೆಯಲಾರವು. ಅರ್ಜಿಯನ್ನು ತಿರಸ್ಕರಿಸುವ ಮೊದಲು ರಾಜ್ಯ ಕೌನ್ಸಿಲು ಭಾರತೀಯ ಬಾರ್ ಕೌನ್ಸಿಲಿನ ಅಭಿಪ್ರಾಯ ಕೇಳಬೇಕು. ಬಾಯಿಮಾತಿನ 'ಆಗುವುದಿಲ್ಲ'ವನ್ನು ನಂಬಿ ಹಿಂದಿರುಗಬೇಡಿ. ಯಾವ ಕಲಮಿನ ಪ್ರಕಾರ ಎಂದು ವಿನಯದಿಂದ ಕೇಳಿ, ಬರಹದಲ್ಲಿ ಪಡೆಯಿರಿ. ಒಮ್ಮೆ ತಿರಸ್ಕೃತವಾದ ಅರ್ಜಿಯನ್ನು ಇನ್ನೊಂದು ರಾಜ್ಯದಲ್ಲಿ ಸುಲಭವಾಗಿ ಹಾಕಲು ಬರುವುದಿಲ್ಲ.

ಬಂದ ನಾಡಿನಲ್ಲಿ ನ್ಯಾಯ ಕೇಳುವವರು ನಮ್ಮಲ್ಲಿ ಬಹಳ ಮಂದಿ. ನ್ಯಾಯಕ್ಕಾಗಿ ನಿಂತು ವಾದಿಸುವವರು ಕಡಿಮೆ. ಮರಾಠಿಯಲ್ಲಿ ಕಕ್ಷಿಗಾರನ ದುಃಖವನ್ನು ಕೇಳಿ, ಕನ್ನಡದಲ್ಲಿ ತಾಯಿಗೆ ಧೈರ್ಯ ಹೇಳಬಲ್ಲ ವಕೀಲರು ನಮ್ಮ ಮನೆಗಳಿಂದ ಹೊರಡಲಿ. ಸಿರಿಗನ್ನಡಂ ಗೆಲ್ಗೆ!