ಸೇವೆಯೂ ವೇತನವೂ

ಕನ್ನಡದಲ್ಲಿ ‘ಸಮಾಜಸೇವೆ’ ಎಂಬ ಮಾತಿಗೆ ಇರುವ ಗೌರವ ‘ಸಮಾಜಕಾರ್ಯ’ ಎಂಬ ಮಾತಿಗೆ ಇನ್ನೂ ಬಂದಿಲ್ಲ. ಮೊದಲನೆಯದು ನಮ್ಮ ಮನೆಯ ಮಾತು. ಎರಡನೆಯದು ಕಾಲೇಜಿನ ಮಾತು. ಊರಿಗೆ ಬಾವಿ ತೋಡಿಸಿದವರನ್ನೂ ಜಾತ್ರೆಯಲ್ಲಿ ಅರವಟ್ಟಿಗೆ ಇಡಿಸಿದವರನ್ನೂ ನಾವು ಸಮಾಜಸೇವಕರೆಂದು ಕೊಂಡಾಡುತ್ತ ಬಂದಿದ್ದೇವೆ. ಅವರು ಅದಕ್ಕಾಗಿ ಸಂಬಳ ಕೇಳಲಿಲ್ಲ. ಕೇಳಿದ್ದರೆ ನಾವು ಅವರನ್ನು ಆ ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಸಮಾಜಕಾರ್ಯವಾದರೋ ಒಂದು ಶಾಸ್ತ್ರ, ಒಂದು ವೃತ್ತಿ. ವೈದ್ಯನಂತೆ, ವಕೀಲನಂತೆ, ಕಲಿತು ಮಾಡಬೇಕಾದ ಕೆಲಸ. ಈ ಎರಡು ಮಾತುಗಳನ್ನು ನಾವು ಒಂದೇ ಎಂದು ಬಗೆದಿರುವುದರಿಂದ ಸಮಾಜಕಾರ್ಯದಲ್ಲಿ ಸಂಶೋಧನೆ ಮಾಡಬಯಸುವ ತರುಣ ತರುಣಿಯರಿಗೆ ದೊಡ್ಡ ನಷ್ಟವಾಗುತ್ತಿದೆ. ನನ್ನ ವಿಷಯ ಕನ್ನಡ. ಆದ್ದರಿಂದ ಮಾತಿನ ಬಾಗಿಲಿನಿಂದಲೇ ಈ ವಿಷಯದೊಳಕ್ಕೆ ಬರುತ್ತಿದ್ದೇನೆ.

ಈ ಶಾಸ್ತ್ರ ನಮ್ಮ ದೇಶಕ್ಕೆ ಬಂದು ಒಂಬತ್ತು ದಶಕಗಳಾದವು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್‌ಷಾರ್ಟ್. ಕಾರ್ಮಿಕರು ಕಿಕ್ಕಿರಿದು ವಾಸಿಸುತ್ತಿದ್ದ ನಾಗಪಾಡಾದಲ್ಲಿ ಆ ಶಾಲೆ ಹುಟ್ಟಿತೆಂಬುದು ಅರ್ಥಪೂರ್ಣವಾದ ಸಂಗತಿ. 1944ರಲ್ಲಿ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂಬ ಹೆಸರು ಪಡೆಯಿತು. ನಮ್ಮ ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯ ಆರಂಭವಾಯಿತು. ಇಂದು ಜಿಲ್ಲೆಯ ಕಾಲೇಜುಗಳಲ್ಲಿಯೂ ಈ ವಿಷಯದ ಸ್ನಾತಕೋತ್ತರ ತರಗತಿಗಳುಂಟು. ಅಲ್ಲಿಂದ ಹೊರಬರುವವರಲ್ಲಿ ಅನೇಕರು ಹಳ್ಳಿಯ ಮಕ್ಕಳು, ಮನೆತನದಲ್ಲಿ ಮೊತ್ತಮೊದಲು ಕಾಲೇಜು ಕಂಡವರು. ಅವರ ಪ್ರಶ್ನೆ ಸರಳ: ‘ಸಾರ್, ಮುಂದೆ ಸಂಶೋಧನೆ ಮಾಡಬೇಕೆಂಬ ಆಸೆ. ಅಷ್ಟು ವರ್ಷ ಹೊಟ್ಟೆಗೇನು?’

ಉತ್ತರ ಇಲ್ಲದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಸಮಾಜಕಾರ್ಯವೂ ಒಂದು ವಿಷಯ. ಅದರಲ್ಲಿ ಮೇಲ್ಮಟ್ಟದ ಅಂಕ ಗಳಿಸಿದವರಿಗೆ ಕಿರಿಯ ಸಂಶೋಧಕರ ಫೆಲೋಶಿಪ್ ದೊರೆಯುತ್ತದೆ. 2023ರ ಜನವರಿಯಿಂದ ಇದರ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರದ ಮೂರು ವರ್ಷ 42,000 ರೂಪಾಯಿ ಎಂದು ಏರಿತು. ಮನೆ ಬಾಡಿಗೆಯ ಭತ್ಯೆ, ಸಾದಿಲ್ವಾರು ವೆಚ್ಚಗಳು ಬೇರೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆಂದು 2005ರ ಸುಮಾರಿಗೆ ಆರಂಭವಾದ ರಾಷ್ಟ್ರೀಯ ಫೆಲೋಶಿಪ್ ಇದೆ. ಆದರೆ ಇಂಥವು ಶಾಶ್ವತವೆಂದು ನಂಬಿ ಕೂಡುವಂತಿಲ್ಲ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಹೊಸದಾಗಿ ಕೊಡುವುದನ್ನು 2022-23ರಿಂದ ನಿಲ್ಲಿಸಲಾಯಿತು.

ಇಲ್ಲಿ ಭಾಷೆಯ ತೊಡಕೊಂದುಂಟು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಪ್ರಶ್ನೆಪತ್ರಿಕೆ, ಭಾಷಾ ವಿಷಯಗಳನ್ನುಳಿದರೆ, ಇಂಗ್ಲಿಷು ಮತ್ತು ಹಿಂದಿಗಳಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿಯೇ ಓದಿ ಬಂದ ಹುಡುಗಿ ತನ್ನ ಕೇರಿಯ ಬದುಕನ್ನು ಎಷ್ಟು ಆಳವಾಗಿ ಬಲ್ಲವಳಾದರೂ, ಆ ಬಲ್ಲಿಕೆಯನ್ನು ಅಲ್ಲಿ ಪರಭಾಷೆಯ ಗುಣಾಕಾರ ಭಾಗಾಕಾರಕ್ಕೆ ಒಪ್ಪಿಸಬೇಕು. ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆಯೇ ಹೊರತು ಫೆಲೋಶಿಪ್ ಬರುವುದಿಲ್ಲ. ಇದನ್ನು ತಿಳಿಯದೆ ಎರಡೂ ಒಂದೇ ಎಂದುಕೊಂಡು ವರ್ಷ ಕಳೆದುಕೊಳ್ಳುವವರಿದ್ದಾರೆ.

ಇನ್ನೊಂದು ಆಸರೆ 1969ರಲ್ಲಿ ಸ್ಥಾಪಿತವಾದ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು. ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಪಿಎಚ್.ಡಿ. ಮುಗಿಸಿದವರಿಗೂ ಅದು ಫೆಲೋಶಿಪ್ ಕೊಡುತ್ತದೆ. ಅಧ್ಯಾಪಕರ ಸಂಶೋಧನ ಯೋಜನೆಗಳಿಗೆ ಧನ ನೀಡುತ್ತದೆ. ಸಮಾಜಕಾರ್ಯ ಅದರ ವ್ಯಾಪ್ತಿಯೊಳಗೇ ಬರುವ ವಿಷಯ. ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ, ಧಾರವಾಡದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನ ಕೇಂದ್ರ, ಇವೆರಡೂ ಈ ಪರಿಷತ್ತಿನ ನೆರವು ಪಡೆದು ಬೆಳೆದವು. ದೆಹಲಿ ದೂರವೆಂದು ಕೈಚೆಲ್ಲುವವರು ಮೊದಲು ಈ ಬಾಗಿಲುಗಳನ್ನು ತಟ್ಟಿ ನೋಡಬೇಕು.

‘ಇಷ್ಟೆಲ್ಲ ಹಣ ಏಕೆ? ಊರಿಗೆ ಹೋಗಿ ನಾಲ್ಕು ಮಂದಿಯನ್ನು ಮಾತನಾಡಿಸಿ ಬರೆದರಾಯಿತಲ್ಲ?’ ಎಂದು ಕೇಳುವ ವಿದ್ಯಾವಂತರಿದ್ದಾರೆ. ಸಮಾಜಕಾರ್ಯದ ಸಂಶೋಧಕನ ಪ್ರಯೋಗಾಲಯ ಕೇರಿ, ಆಸ್ಪತ್ರೆಯ ವಾರ್ಡು, ಬಾಲಮಂದಿರ. ಅಲ್ಲಿ ಒಂದು ನಿಜವಾದ ಮಾತು ಕಿವಿಗೆ ಬೀಳಬೇಕಾದರೆ ಹತ್ತು ಸಲ ಹೋಗಬೇಕು. ಒಂಬತ್ತು ಸಲ ಸುಮ್ಮನೆ ಜಗುಲಿಯ ಮೇಲೆ ಕುಳಿತು ಬರಬೇಕು. ಆ ಒಂಬತ್ತು ದಿನಗಳಿಗೂ ಬಸ್ಸಿನ ಖರ್ಚುಂಟು, ಊಟದ ಖರ್ಚುಂಟು. ತನ್ನ ಪ್ರಶ್ನಾವಳಿಯ ಕನ್ನಡವನ್ನು ತಿದ್ದಿಸಿಕೊಳ್ಳಲು ಒಬ್ಬ ತರುಣ ನನ್ನಲ್ಲಿಗೆ ಬಂದಿದ್ದ. ಇಂಗ್ಲಿಷಿನಿಂದ ಇಳಿಸಿದ ಒಂದು ಪ್ರಶ್ನೆ ಹೀಗಿತ್ತು: ‘ನಿಮ್ಮ ಸಬಲೀಕರಣದ ಮಟ್ಟ ಯಾವುದು?’ ಸ್ವಸಹಾಯ ಸಂಘದ ಒಬ್ಬ ತಾಯಿ ಇದಕ್ಕೆ, ‘ಅದನ್ನು ಬ್ಯಾಂಕಿನವರನ್ನೇ ಕೇಳಬೇಕಪ್ಪಾ, ಪಾಸ್‌ಪುಸ್ತಕ ಅವರ ಹತ್ತಿರ ಇದೆ’ ಎಂದು ಉತ್ತರಿಸಿದ್ದಳಂತೆ. ಆಮೇಲೆ ಆತ ಪ್ರಶ್ನೆಯನ್ನು ಬದಲಿಸಿದ: ‘ನಿಮ್ಮ ದುಡ್ಡನ್ನು ಖರ್ಚು ಮಾಡುವಾಗ ಮನೆಯಲ್ಲಿ ಯಾರನ್ನು ಕೇಳುತ್ತೀರಿ?’ ಆ ಒಂದು ಪ್ರಶ್ನೆಗೆ ಗಂಟೆಗಟ್ಟಲೆ ಉತ್ತರ ದೊರೆಯಿತು. ಪ್ರಶ್ನೆಯನ್ನು ಹೀಗೆ ಮಾಗಿಸುವುದಕ್ಕೆ ಪುರಸೊತ್ತು ಬೇಕು. ಆ ಪುರಸೊತ್ತಿಗೇ ಫೆಲೋಶಿಪ್ ಎಂದು ಹೆಸರು.

ಇನ್ನು ವೃತ್ತಿಯ ಅವಕಾಶಗಳು. 1948ರ ಕಾರ್ಖಾನೆಗಳ ಕಾಯಿದೆ 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದಿತು. 2020ರ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು. ಆದರೆ ಕಾನೂನು ಕೂಡ ಕೆಲವೊಮ್ಮೆ ನಮ್ಮಂತೆಯೇ ಸೇವೆಯನ್ನೂ ಕಾರ್ಯವನ್ನೂ ಬೆರೆಸಿಬಿಡುತ್ತದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಾಮಾಜಿಕ ಕಾರ್ಯಕರ್ತರಿರಬೇಕು. ಅವರು ಏಳು ವರ್ಷ ಮಕ್ಕಳ ಕ್ಷೇತ್ರದಲ್ಲಿ ದುಡಿದಿರಬೇಕು, ಇಲ್ಲವೆ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದ ವೃತ್ತಿಪರರಾಗಿರಬೇಕು. ಈ ಪಟ್ಟಿಯಲ್ಲಿ ಸಮಾಜಕಾರ್ಯದ ಪದವಿಯೇ ಇಲ್ಲ! ಮಕ್ಕಳ ಕಲ್ಯಾಣ ಸಮಿತಿಯ ಮಟ್ಟಿಗೆ ಮಾತ್ರ ಆ ಹೆಸರು ಕಾಯಿದೆಯಲ್ಲಿದೆ.

ಮನೋವೈದ್ಯಕೀಯ ಸಮಾಜಕಾರ್ಯದ ಕಥೆ ಇನ್ನೂ ಸ್ವಾರಸ್ಯಕರ. 2017ರ ಮಾನಸಿಕ ಆರೋಗ್ಯ ಕಾಯಿದೆ, ಆ ವಿಷಯದಲ್ಲಿ ಎರಡು ವರ್ಷದ ಎಂ.ಫಿಲ್. ಮಾಡಿದವರನ್ನು ಆ ಹೆಸರಿನಿಂದ ಗುರುತಿಸಿತು. ಬೆಂಗಳೂರಿನ ನಿಮ್ಹಾನ್ಸ್ ಈ ಶಿಕ್ಷಣಕ್ಕೆ ದೇಶದಲ್ಲೆಲ್ಲ ಹೆಸರಾದದ್ದು. ಇತ್ತ 2022ರಲ್ಲಿ ಧನಸಹಾಯ ಆಯೋಗ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಒಂದು ಕೈ ಕೇಳಿದ ಪದವಿಯನ್ನು ಇನ್ನೊಂದು ಕೈ ಅಳಿಸಿತು. ಆಮೇಲೆ 2025-26ರವರೆಗೆ ಎಂದು ವಿನಾಯಿತಿ ಕೊಡಬೇಕಾಯಿತು. ವೃತ್ತಿಗೆ ತನ್ನದೇ ಆದ ದನಿ ಇಲ್ಲದಿದ್ದರೆ ಹೀಗಾಗುತ್ತದೆ. ವಕೀಲರಿಗೆ ಪರಿಷತ್ತಿದೆ, ದಾದಿಯರಿಗೆ ಪರಿಷತ್ತಿದೆ. ಸಮಾಜಕಾರ್ಯಕ್ಕೆ ಇಡಿಯಾಗಿ ಅಂಥದೊಂದು ಶಾಸನಬದ್ಧ ಪರಿಷತ್ತು ಆಗಲಿಲ್ಲ. ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರನ್ನು ಮಾತ್ರ 2021ರ ಒಂದು ಕಾಯಿದೆ ತನ್ನ ತೆಕ್ಕೆಗೆ ತೆಗೆದುಕೊಂಡಿತು.

ಈಚಿನ ದಿನಗಳಲ್ಲಿ ಕಂಪನಿಗಳ ಹಣವೂ ಈ ಕ್ಷೇತ್ರಕ್ಕೆ ಹರಿದಿದೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಅವುಗಳಲ್ಲಿಯೂ ದೊಡ್ಡವು, ಒಂದು ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ತಮ್ಮ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಯಿಸಬೇಕೆಂದು 2021ರ ನಿಯಮ ಹೇಳಿತು. ಅಳೆಯಬಲ್ಲವರು ಯಾರು? ಕ್ಷೇತ್ರವನ್ನು ಬಲ್ಲ ನಮ್ಮ ಸಂಶೋಧಕರೇ. ಇಲ್ಲಿ ದುಡಿಮೆಗೆ ಅವಕಾಶವಿದೆ, ಎಚ್ಚರದ ಅಗತ್ಯವೂ ಇದೆ. ಹಣ ಕೊಟ್ಟವರಿಗೆ ಹೊಗಳಿಕೆ ಬೇಕೆನಿಸುವುದು ಸಹಜ. ಆಸ್ಥಾನಕವಿಗಳ ಕಷ್ಟವನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿದ ಶೌಚಾಲಯದೊಳಗೆ ಸೌದೆ ಪೇರಿಸಿದ್ದರೆ, ಸೌದೆ ಇದೆ ಎಂದೇ ಬರೆಯಬೇಕು.

ವೇತನ ಪಡೆಯುವುದು ತಪ್ಪೆಂಬ ಸಂಕೋಚವನ್ನು ನಮ್ಮ ತರುಣರು ಬಿಡಲಿ. ‘ಸೇವೆ ತಾನೆ?’ ಎಂದು ಹೇಳಿ ಅವರಿಂದ ಪುಕ್ಕಟೆ ದುಡಿಸಿಕೊಳ್ಳುವುದನ್ನು ಸಂಸ್ಥೆಗಳೂ ಬಿಡಲಿ. ಬಡವನ ಬದುಕನ್ನು ಅರಿಯುವ ಕೆಲಸ ಬರಿಯ ಉಳ್ಳವರ ಮಕ್ಕಳ ಪಾಲಾಗಬಾರದು. ಸಂಬಳವಿಲ್ಲದಿದ್ದರೆ ಆಗುವುದು ಅದೇ. ಆದರೆ ಪಡೆದ ಹಣದೊಡನೆ ಒಂದು ಋಣವೂ ಬರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಬೋಧಿಸಿದ ಡಾ. ಎಚ್.ಎಂ. ಮರುಳಸಿದ್ಧಯ್ಯನವರು ಒಂದು ಹಳ್ಳಿಯ ವೃದ್ಧರನ್ನು ಕುರಿತ ತಮ್ಮ ಅಧ್ಯಯನವನ್ನು 1969ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಲ್ಲಿಗೇ ನಿಲ್ಲದೆ, ಸಮಾಜಕಾರ್ಯವನ್ನು ಕನ್ನಡದಲ್ಲಿ ಹೇಳುವ ಪುಸ್ತಕಗಳನ್ನು ಬರೆದರು. ಆ ದಾರಿ ನಮ್ಮ ಮುಂದಿದೆ. ಕನ್ನಡದ ಜನರನ್ನು ಕುರಿತು, ಜನರ ಹಣದಿಂದ ನಡೆದ ಪ್ರತಿಯೊಂದು ಸಂಶೋಧನೆಯ ಸಾರವೂ ಇಪ್ಪತ್ತು ಪುಟಗಳ ಕನ್ನಡದಲ್ಲಿ ಆ ಊರಿನ ಗ್ರಂಥಾಲಯಕ್ಕೆ ಮರಳಬೇಕು. ಧನ ನೀಡುವವರು ಇದನ್ನೊಂದು ಷರತ್ತಾಗಿ ಬರೆದರೆ ಒಳ್ಳೆಯದು. ಅವರು ಬರೆಯುವವರೆಗೆ ಸಂಶೋಧಕರೇ ಪಾಲಿಸಿದರೆ ಇನ್ನೂ ಒಳ್ಳೆಯದು. ಪಾಸ್‌ಪುಸ್ತಕ ಬ್ಯಾಂಕಿನಲ್ಲಿದೆ ಎಂದ ಆ ತಾಯಿಗೆ, ತಾನು ಹೇಳಿದ್ದರಿಂದ ಏನು ತಿಳಿದುಬಂತೆಂದು ತಿಳಿಯುವ ಹಕ್ಕಿದೆ.